ಎಡಗಾಲಿನ ಹಿಮ್ಮಡಿ

ಎಲ್ಲರೂ ಮುಖ ನೋಡಿ ಪ್ರೀತಿಸುತ್ತಾರೆ. ನಾನು ಮೊದಲು ನೋಡಿದ್ದು ಬೆನ್ನು.

ಇದನ್ನು ಹೇಳಿದರೆ ಜನ ನಗುತ್ತಾರೆ, ನಗಲಿ ಬಿಡಿ. ನನ್ನ ಕೆಲಸವೇ ಅಂಥದ್ದು. ಹೆಣ್ಣುಮಕ್ಕಳ ಒಳಾಂಗಣ ವಾಲಿಬಾಲ್ ಲೀಗ್ ಆಗಷ್ಟೇ ಹುಟ್ಟಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರದ ಹಾಲ್‌ನಲ್ಲಿ, ಅಂಕಣದ ಹಿಂದಿನ ಗೆರೆಯಾಚೆ ಕ್ಯಾಮೆರಾ ನಿಲ್ಲಿಸಿ, ಯಾರು ಎಲ್ಲಿ ನಿಂತರು, ಚೆಂಡು ಎತ್ತ ಹೋಯಿತು ಎಂದು ನೋಡುವುದು. ಅಂಕಣ ಪೂರ್ತಿ ಕಾಣುವುದು ಹಿಂದಿನಿಂದ ಮಾತ್ರ.

ಮೊದಲ ದಿನದ ಅಭ್ಯಾಸದಲ್ಲೇ ಅವಳು ಆಟ ನಿಲ್ಲಿಸಿ ನೇರ ನನ್ನತ್ತ ಬಂದಳು. ಸೊಂಟದ ಮೇಲೆ ಎರಡೂ ಕೈ.

“ಏನ್ರೀ, ಆಗಿಂದ ನೋಡ್ತಿದೀನಿ. ಹಿಂದೆ ನಿಂತ್ಕೊಂಡು ಏನು ವಿಡಿಯೋ ಮಾಡ್ತಿದೀರಾ?”

“ಅದು... ಅದೇ ನನ್ನ ಕೆಲಸ.”

“ಹೆಣ್ಮಕ್ಕಳ ಬೆನ್ನು ನೋಡೋದು ಕೆಲಸಾನಾ? ನಾಚಿಕೆ ಆಗಲ್ವಾ?”

ಹೋಮ್‌ವರ್ಕ್ ಮಾಡದ ಹುಡುಗನನ್ನು ಎಳೆದೊಯ್ಯುವಂತೆ ನನ್ನ ತೋಳು ಹಿಡಿದು ಕೋಚ್ ಮುಂದೆ ನಿಲ್ಲಿಸಿದಳು. ಕೋಚ್ ಬಿದ್ದು ಬಿದ್ದು ನಕ್ಕರು. “ಇವನು ನಮ್ಮ ವಿಡಿಯೋ ಅನಲಿಸ್ಟ್ ಕಣಮ್ಮ!” ಅವಳ ಕಿವಿ ಕೆಂಪಾಯಿತು. ಆದರೂ ಸೋಲು ಒಪ್ಪುವ ಪೈಕಿ ಅಲ್ಲ. “ಮೊದಲೇ ಹೇಳ್ಬಾರದಾ?” ಎಂದು ನನಗೇ ಗದರಿ, ಹೋಗುತ್ತ ಹೋಗುತ್ತ ಓರೆಗಣ್ಣಿನಲ್ಲಿ ಒಮ್ಮೆ ನೋಡಿದಳು. ಆ ನೋಟದಲ್ಲಿ ಕ್ಷಮೆಯಿತ್ತು, ಸ್ವಲ್ಪ ಕಿಡಿಗೇಡಿತನವೂ ಇತ್ತು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಲೀಗ್ ಬರುವ ಮುಂಚೆ ಅವಳು ಶಾಲೆಯೊಂದರಲ್ಲಿ ಆಟದ ಟೀಚರ್. ಅದಕ್ಕೇ ತಂಡದಲ್ಲಿ ಎಲ್ಲರೂ ಅವಳನ್ನು ಟೀಚರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವಳಿಗೆ ನಾನು ‘ಕ್ಯಾಮೆರಾ’. ಮೂವತ್ತು ದಾಟಿದ ಮೇಲೆ, ಇನ್ನೇನು ಆಟ ಕೈಬಿಡಬೇಕು ಎನ್ನುವಾಗ, ಅವಳಿಗೆ ಟಿಕೆಟ್ ಕೊಂಡು ಬಂದ ಜನರೆದುರು ಆಡುವ ಭಾಗ್ಯ ಬಂದಿತ್ತು. ಅದನ್ನವಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅವಳು ಸೆಟರ್. ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು. ಮುಂದಕ್ಕೂ ಎತ್ತಬಹುದು, ತಿರುಗಿ ನೋಡದೆ ತಲೆಯ ಹಿಂದಕ್ಕೂ ಕಳಿಸಬಹುದು. ಎತ್ತ ಎಂಬುದು ಕೊನೆಯವರೆಗೂ ಎದುರಿನವರಿಗೆ ಗೊತ್ತಾಗಬಾರದು. ಆ ಗುಟ್ಟೇ ಸೆಟರ್‌ನ ಬಂಡವಾಳ.

ಅವಳ ಗುಟ್ಟು ನನ್ನ ಕಣ್ಣಿಗೆ ಬಿತ್ತು. ಚೆಂಡನ್ನು ಹಿಂದಕ್ಕೆ ಕಳಿಸುವ ಮುನ್ನ, ರೆಪ್ಪೆ ಬಡಿಯುವಷ್ಟು ಹೊತ್ತು, ಅವಳ ಎಡಗಾಲಿನ ಹಿಮ್ಮಡಿ ನೆಲ ಬಿಡುತ್ತಿತ್ತು. ಮುಂದಕ್ಕೆ ಕಳಿಸುವಾಗ ಬಿಡುತ್ತಿರಲಿಲ್ಲ. ಖಾಲಿ ಕುರ್ಚಿಗಳ ಸಾಲಿನಲ್ಲಿ ಪಕ್ಕ ಕೂರಿಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ.

“ಅಯ್ಯೋ! ನನ್ನ ಹೊಟ್ಟೇಲಿರೋದನ್ನೆಲ್ಲ ಈ ಕಾಲು ಒದರಿಬಿಡುತ್ತಲ್ಲ!”

ತಿದ್ದಲು ನೋಡಿದಳು. ಹಿಮ್ಮಡಿ ಒತ್ತಿ ಹಿಡಿದರೆ ಚೆಂಡು ಗಿಡ್ಡವಾಗಿ ಬೀಳುತ್ತಿತ್ತು. ನಾಲ್ಕು ದಿನ ಒದ್ದಾಡಿ ನನ್ನ ಪಕ್ಕ ಬಂದು ಕುಳಿತಳು.

“ಬಿಡು. ಇದು ಗೊತ್ತಿರೋದು ನಿನಗೊಬ್ಬನಿಗೇ. ನಿನಗೆ ಗೊತ್ತಿದ್ರೆ ಏನಂತೆ?”

ನಮ್ಮಿಬ್ಬರಲ್ಲಿ ಯಾರೂ ಪ್ರೀತಿ ಎಂಬ ಪದ ಆಡಿರಲಿಲ್ಲ. ನನಗೆ ಆ ಮಾತೇ ಸಾಕಾಗಿತ್ತು.

ಆಮೇಲೆ ಆ ಹಿಮ್ಮಡಿ ಅಂಕಣದ ಹೊರಗೂ ಮಾತಾಡುವುದು ಕಂಡೆ. ಬಸ್ ಸ್ಟಾಪಿನಲ್ಲಿ ಬೈ ಹೇಳಿ ಹೊರಟವಳು ನಾಲ್ಕು ಹೆಜ್ಜೆ ಹೋಗಿ ನಿಲ್ಲುವಳು. ಎಡಗಾಲಿನ ಹಿಮ್ಮಡಿ ಏಳುವುದು. ನಾನು ಅಲ್ಲೇ ನಿಂತಿರುತ್ತಿದ್ದೆ.

“ತಿರುಗಿ ಬರ್ತೀನಿ ಅಂತ ಹೇಗೋ ಗೊತ್ತಾಯ್ತು?”

“ನಿನ್ನ ಕಾಲು ಹೇಳ್ತು, ಟೀಚರ್.”

“ಕಾಲಿನ ಜೊತೇನೇ ಸಂಸಾರ ಮಾಡು ಹೋಗು!” ಎನ್ನುತ್ತಿದ್ದಳು. ಆದರೆ ಬರುತ್ತಿದ್ದಳು.

ಎರಡನೇ ಸೀಸನ್‌ಗೆ ಅವಳ ತಂಡದವರು, ಸಾಫ್ಟ್‌ವೇರ್ ಇದೆ, ಇನ್ನು ಮನುಷ್ಯ ಬೇಡ ಎಂದರು. ಲೀಗ್‌ಗೆ ಸೇರಿದ ಹೊಸ ತಂಡವೊಂದು ನನ್ನನ್ನು ಕರೆದುಕೊಂಡಿತು. ನಾವು ಎದುರುಬದುರಾದೆವು. ಆಗ ಅವಳೇ ಒಂದು ಕಟ್ಟಳೆ ಮಾಡಿದಳು: ನಮ್ಮಿಬ್ಬರ ತಂಡಗಳ ನಡುವೆ ಆಟವಿರುವ ವಾರ ಫೋನಿಲ್ಲ, ಮೆಸೇಜಿಲ್ಲ. “ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸಬಾರದು ನೋಡು.” ಸೀಸನ್ ಮುಗಿದ ಮೇಲೆ ಅವಳ ಅಕ್ಕನ ಹತ್ತಿರ ಮದುವೆ ಮಾತಾಡುವುದೆಂದೂ ಆಗಿತ್ತು. ಅವಳನ್ನು ಸಾಕಿ ಬೆಳೆಸಿದವರು ಆ ಅಕ್ಕನೇ. ನನ್ನನ್ನು ಕಂಡರೆ ಅಕ್ಕನಿಗೆ ಅಷ್ಟಕ್ಕಷ್ಟೇ. “ಸದ್ದಿಲ್ಲದ ಹುಡುಗ. ಏನು ಯೋಚ್ನೆ ಮಾಡ್ತಾನೋ ದೇವರಿಗೇ ಗೊತ್ತು” ಎನ್ನುತ್ತಿದ್ದರಂತೆ.

ಲೀಗ್ ಹಂತದಲ್ಲಿ ನಮ್ಮ ತಂಡಗಳು ಬೇರೆ ಬೇರೆ ಗುಂಪಿನಲ್ಲಿದ್ದವು. ಸೆಮಿಫೈನಲ್‌ನಲ್ಲಿ ಎದುರಾದೆವು. ಅವಳ ಬೆಂಚಿನಲ್ಲಿ ಎಳೆ ವಯಸ್ಸಿನ ಇನ್ನೊಬ್ಬ ಸೆಟರ್ ಕಾಯುತ್ತಿದ್ದಳು. ಈ ಆಟ ಸೋತರೆ ಮುಂದಿನ ವರ್ಷ ಜಾಗವಿಲ್ಲ ಎಂದು ಮ್ಯಾನೇಜರ್ ಟೀಚರ್‌ಗೆ ಬಾಯಿಬಿಟ್ಟೇ ಹೇಳಿದ್ದರು.

ಆ ವಾರ ನನ್ನ ಹೊಸ ಕೋಚ್, ಗಟ್ಟಿ ಹೆಂಗಸು, ನನ್ನನ್ನು ಕೂರಿಸಿಕೊಂಡು ಕೇಳಿದರು.

“ಹೋದ ಸೀಸನ್ ಪೂರ್ತಿ ನೀನು ಅವಳ ಬೆನ್ನ ಹಿಂದೆ ನಿಂತಿದ್ದೆ. ಹಿಂದಕ್ಕೆ ಯಾವಾಗ ಕೊಡ್ತಾಳೆ ಅಂತ ಏನೂ ಸುಳಿವಿಲ್ವಾ?”

“ಇಲ್ಲ ಮೇಡಂ.”

“ಉಪ್ಪು ತಿಂದ ಮನೆಗೆ ಎರಡು ಬಗೀಬೇಡಪ್ಪ.”

“ಇಲ್ಲ ಮೇಡಂ.”

ಅವರು ನಂಬಲಿಲ್ಲ. ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡಬೇಕು ಎಂದು ಯಾರಿಗೋ ಹೇಳಿದ್ದು ಸಂಜೆಯೊಳಗೆ ನನ್ನ ಕಿವಿಗೂ ಬಿತ್ತು. ಪರವಾಗಿಲ್ಲ ಎನಿಸಿತು. ನಿಜ ಹೇಳಬೇಕೆಂದರೆ ಆ ವಾರ ನಾನು ಖುಷಿಯಾಗಿಯೇ ಇದ್ದೆ.

ಮೊದಲ ಸೆಟ್‌ನಲ್ಲಿ ಅವಳು ಆಚೆ ಬದಿಗಿದ್ದಳು. ಎರಡನೆಯದಕ್ಕೆ ಬದಿ ಬದಲಾಗಿ ಆ ಬೆನ್ನು ನನ್ನ ಕ್ಯಾಮೆರಾದ ಮುಂದೆ ಬಂತು. ಚೆಂಡು ಅವಳ ಕೈಗೆ ಬಂತು, ತಲೆಯ ಹಿಂದಕ್ಕೆ ಹೋಯಿತು.

ಹಿಮ್ಮಡಿ ಏಳಲಿಲ್ಲ.

ಚೆಂಡು ಗಿಡ್ಡವಾಗಿ ಬಿದ್ದು, ಹೊಡೆದವಳು ನೆಟ್‌ಗೆ ಹೊಡೆದಳು. ಇನ್ನೊಮ್ಮೆಯೂ ಹಾಗೇ ಆಯಿತು. ಆಮೇಲೆ ಹಿಮ್ಮಡಿ ಎದ್ದಿತು, ಆದರೆ ಚೆಂಡು ಹೋದದ್ದು ಮುಂದಕ್ಕೆ. ಅದು ಬಲೆ, ಗುಟ್ಟು ತಿಳಿದವರಿಗಾಗಿ ಬೀಸಿದ ಬಲೆ. ಯಾರಿಗೆ ತಿಳಿದಿರಲು ಸಾಧ್ಯ? ನಾನು ಹೇಳಿದ್ದರೆ ನಮ್ಮ ಹುಡುಗಿಯರಿಗೆ.

ನಮ್ಮ ಹುಡುಗಿಯರು ಅವಳ ಕಾಲಿನ ಕಡೆ ನೋಡುತ್ತಲೇ ಇರಲಿಲ್ಲ.

‘ನಾನು ಹೇಳಿಲ್ಲ ಕಣೇ’ ಎಂದು ಕೂಗಬೇಕೆನಿಸಿತು. ಆ ಜಾಗದಲ್ಲಿ ನಿಂತವರು ತುಟಿ ಎರಡು ಮಾಡುವಂತಿಲ್ಲ. ವರ್ಷಗಳಿಂದ ಪಳಗಿದ ಆ ಕೈಗಳು ಹೊಸಬಳ ಕೈಗಳಂತೆ ತಡವರಿಸುವುದನ್ನು ನೋಡುತ್ತ ನಿಂತೆ.

ಮೂರನೇ ಸೆಟ್‌ನಲ್ಲಿ ಅವಳು ಮತ್ತೆ ಆಚೆ ಬದಿ, ನನಗೆ ಮುಖ ಮಾಡಿ. ಎರಡು ಸೆಟ್ ಸೋತಿದ್ದರು. ಒಂದು ಪಾಯಿಂಟ್ ಮುಗಿದಾಗ ಅವಳು ನೆಟ್ ಬಳಿ ನಿಂತು ನಮ್ಮ ಹುಡುಗಿಯರ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲರ ಕಣ್ಣೂ ಚೆಂಡಿನ ಮೇಲೆ. ಆಮೇಲೆ ಅವರನ್ನು ದಾಟಿ, ನಿಧಾನವಾಗಿ, ನನ್ನನ್ನು ನೋಡಿದಳು. ಲೆನ್ಸ್‌ನೊಳಗೆ ಆ ಮುಖ ದೊಡ್ಡದಾಗಿ ಕಂಡಿತು. ಅವಳಿಗೆ ತಿಳಿದುಹೋಗಿತ್ತು.

ಮುಂದಿನ ಚೆಂಡು ಹಳೆಯ ಹಾಗೇ, ಹಿಮ್ಮಡಿ ಎತ್ತಿ, ಹೂವಿನಷ್ಟು ಹಗುರಾಗಿ ಹಿಂದಕ್ಕೆ ಹೋಯಿತು. ನಮ್ಮವರು ಮಿಸುಕಲೂ ಇಲ್ಲ. ಪಾಯಿಂಟ್ ಬಂತು. ಅಷ್ಟರಲ್ಲಿ ಸೀಟಿ ಊದಿದರು. ಟೀಚರ್ ಬದಲಿಗೆ ಇಳಿಯಲು ಎಳೆಯ ಸೆಟರ್ ನಂಬರಿನ ಹಲಗೆ ಹಿಡಿದು ಗೆರೆಯ ಬಳಿ ನಿಂತಿದ್ದಳು. ಟೀಚರ್ ಅವಳ ಬೆನ್ನು ತಟ್ಟಿ ಹೊರಗೆ ಬಂದು, ತಲೆಯ ಮೇಲೆ ಟವೆಲ್ ಎಳೆದುಕೊಂಡಳು. ಆ ಸೆಟ್ಟನ್ನೂ ಸೋತರು, ಅಲ್ಲಿಗೆ ಆಟವೂ ಮುಗಿಯಿತು.

ಹಾಲ್ ಖಾಲಿಯಾದ ಮೇಲೆ ಕಾರಿಡಾರಿನಲ್ಲಿ ಸಿಕ್ಕಳು. ಸುತ್ತಿಟ್ಟ ನೆಟ್‌ಗಳ ಮೇಲೆ ಕುಳಿತು ಮಂಡಿಗೆ ಐಸ್ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಕುಳಿತೆ.

“ನೀನು ಹೇಳಿರಲಿಲ್ಲ.”

“ಇಲ್ಲ.”

“ಕಾಲಿನ ವಿಷಯ ಅಕ್ಕನಿಗೆ ಹೇಳಿದ್ದೆ. ಅವಳು ಕೇಳಿದ್ಲು, ಅವನ ಹೊಟ್ಟೆಪಾಡು ಅದು, ಹೇಳದೆ ಇರ್ತಾನಾ ಅಂತ. ಇರ್ತಾನೆ ಅನ್ನೋಕೆ ನಂಗೆ ಬಾಯೇ ಬರಲಿಲ್ಲ ಕಣೋ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹೇಳಿಬಿಡ್ತಿದ್ನೋ ಏನೋ. ಅದಕ್ಕೇ ನೀನೂ ಹೇಳ್ತೀಯ ಅನ್ಕೊಂಡೆ. ವಾರವಿಡೀ ಹಿಮ್ಮಡಿ ಒತ್ತೋದನ್ನೇ ಅಭ್ಯಾಸ ಮಾಡಿದೆ.”

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ.”

“ಹೇಗೆ ಕೇಳ್ಲಿ? ಮ್ಯಾಚ್ ವಾರ.”

ಇಬ್ಬರಿಗೂ ನಗು ಬಂತು. ಆ ನಗು ಪೂರ್ತಿಯಾಗುವ ಮೊದಲೇ ಅವಳು ಅಳತೊಡಗಿದಳು. ಕೈ ಹಿಡಿದುಕೊಂಡೆ. ಐಸ್‌ನಿಂದ ಅವಳ ಬೆರಳು ಮರಗಟ್ಟಿತ್ತು.

“ಆಯ್ತು ಬಿಡು. ಒಂದು ಆಟ ಅಷ್ಟೇ.”

“ನೋಡು, ಎಷ್ಟು ಬೇಗ ಕ್ಷಮಿಸಿಬಿಟ್ಟೆ. ಅದೇ ನಂಗೆ ತಡ್ಕೊಳ್ಳೋಕೆ ಆಗ್ತಿಲ್ಲ. ದಿನಾ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡ್ದಾಗೆಲ್ಲ, ಇವನನ್ನ ನಾನು ನಂಬಲಿಲ್ಲ ಅಂತ ನೆನಪಾಗುತ್ತೆ.”

“ಮರ್ತೋಗುತ್ತೆ ಟೀಚರ್.”

“ಯಾರಿಗೆ? ನಿನಗಾ? ಒಂದು ಹಿಮ್ಮಡಿ ಎದ್ದಿದ್ದನ್ನ ಮರೆಯದವನು ನೀನು!”

ಅವಳು ಹೇಳಿದ್ದು ನಿಜವಾಗಿತ್ತು. ಎರಡನೇ ಸೆಟ್‌ನಲ್ಲಿ ನೆಲಕ್ಕೆ ಅಂಟಿಕೊಂಡ ಆ ಪಾದ ಆಗಲೇ ನನ್ನೊಳಗೆ ಮುಳ್ಳಿನಂತೆ ಮುರಿದುಕೊಂಡಿತ್ತು. ಅವಳ ಕಣ್ಣು ತಪ್ಪಿಸಿದೆ. ತಪ್ಪಿಸಿದ್ದು ಅವಳಿಗೆ ಕಂಡಿತು.

“ಪ್ರೀತಿಸ್ತೀನಿ ಕಣೇ,” ಎಂದೆ. ಆ ಪದ ಆಡಿದ್ದು ಅದೇ ಮೊದಲು.

“ಗೊತ್ತು. ಮೂರನೇ ಸೆಟ್‌ನಲ್ಲಿ ಗೊತ್ತಾಯ್ತು.” ನನ್ನ ಕೆನ್ನೆಗೆ ಒಮ್ಮೆ ತಣ್ಣನೆಯ ಅಂಗೈ ಒತ್ತಿದಳು. “ಶಾಲೇಲಿ ಹಳೇ ಕೆಲಸ ಇನ್ನೂ ಖಾಲಿ ಇದೆಯಂತೆ. ಹೋಗ್ತೀನಿ. ಬಸ್ ಸ್ಟಾಪಿಗೆ ಬರ್ಬೇಡ.”

ಬ್ಯಾಗನ್ನು ಹೆಗಲಿಗೇರಿಸಿ ಎದ್ದಳು. ಉದ್ದನೆಯ ಕಾರಿಡಾರಿನಲ್ಲಿ, ಎಲ್ಲರಿಗಿಂತ ಚೆನ್ನಾಗಿ ನಾನು ಬಲ್ಲ ಆ ಬೆನ್ನು ದೂರ ಸರಿಯುತ್ತಿತ್ತು. ಬಾಗಿಲಿನ ಹತ್ತಿರ ನಿಂತಳು.

ಎಡಗಾಲಿನ ಹಿಮ್ಮಡಿ ನೆಲ ಬಿಟ್ಟಿತು.

ನಾನು ಎದ್ದು ನಿಂತೆ.

ಆ ಒಂದು ವಾರದಲ್ಲಿ ಕಲಿತದ್ದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ಒತ್ತಿ, ಬಾಗಿಲು ತಳ್ಳಿಕೊಂಡು ಹೊರಗೆ ಹೋದಳು.