ಹೊರಡಲೊಲ್ಲದ ನೆಂಟ

ಬಹಳ ಬಹಳ ಹಿಂದೆ, ಬಡಗಣ ಕಡಲಿನ ದಡದಲ್ಲಿ ಎಜೆರ ಎಂಬ ರಾಜ್ಯವಿತ್ತು. ಅಲ್ಲಿ ಸರೋವರ ಮುಗಿಯಿತು ಅನ್ನುವಷ್ಟರಲ್ಲಿ ಕಾಡು, ಕಾಡು ಮುಗಿಯಿತು ಅನ್ನುವಷ್ಟರಲ್ಲಿ ಮರದ ಮನೆಗಳ ಪುಟ್ಟ ಪೇಟೆ, ಪೇಟೆ ದಾಟಿದರೆ ಮತ್ತೆ ಸರೋವರ. ಜನ ಒಳ್ಳೆಯವರು, ಉಪಚಾರದಲ್ಲಿ ಮಾತ್ರ ಸ್ವಲ್ಪ ಅತಿ. ಬಂದವರಿಗೆ ಕರಿ ರೊಟ್ಟಿ, ಉಪ್ಪು ಕೊಟ್ಟಮೇಲೆ ಹೊರಡಿ ಅನ್ನುವಂತಿಲ್ಲ. ಹಬೆಮನೆಯಲ್ಲಿ ಬಿಸಿ ಹಬೆಯ ಸ್ನಾನ ಮಾಡಿಸಿದ ಮೇಲೆ ನೆಂಟ ತಾನಾಗಿಯೇ ಹೊರಡುವುದು ಅಲ್ಲಿಯ ರೂಢಿ. ಯಾವುದಕ್ಕೇ ಆಗಲಿ ಮೂರು ಸಲ ಕರೆಯಬೇಕು. ನೆಂಟನಾದವನು ಎರಡು ಸಲ ಬೇಡ ಅಂದು, ಮೂರನೆಯ ಸಲ ಒಪ್ಪಲೇಬೇಕು.

ಒಂದು ಚಳಿಗಾಲದಲ್ಲಿ ಹಿಮದ ಮಾಂತ್ರಿಕನೊಬ್ಬ ಅರಮನೆಗೆ ನೆಂಟನಾಗಿ ಬಂದ. ರೊಟ್ಟಿ ತಿಂದ, ಉಪ್ಪು ನೆಕ್ಕಿದ, ಒಲೆಯ ಪಕ್ಕದಲ್ಲಿ ಕುಳಿತ. ಒಲೆ ಆರಿಹೋಯಿತು. ಅವನು ಏಳಲಿಲ್ಲ, ಅವನ ಜೊತೆಗೆ ಚಳಿಗಾಲವೂ ಏಳಲಿಲ್ಲ. ವಸಂತ ಬರಬೇಕಾದ ಹೊತ್ತು ಬಂತು, ಹೋಯಿತು. ಕುಳಿತಲ್ಲೇ ಬೆಳೆಯುತ್ತ ಬೆಳೆಯುತ್ತ ಅವನ ತಲೆ ತೊಲೆಗೆ ತಾಗಿತು.

ಕಾಡಿನಂಚಿನಲ್ಲಿ ಮಿಲ್ದಾ ಎಂಬ ಹುಡುಗಿ ಒಬ್ಬಳೇ ಇದ್ದಳು. ಅವಳಿಗಿದ್ದ ಆಸ್ತಿಯೆಂದರೆ ಒಂದು ಮುದಿ ಪೈನ್ ಮರ, ಅದರ ಪೊಟರೆಯಲ್ಲಿ ಅಮ್ಮ ಬಿಟ್ಟುಹೋದ ಜೇನುಹುಳುಗಳು. ಆ ನಾಡಿನಲ್ಲಿ ಜೇನುಹುಳುಗಳನ್ನು ಮಾರುವುದಿಲ್ಲ, ಕೊಳ್ಳುವುದಿಲ್ಲ. ತಾಯಿಯಿಂದ ಮಗಳಿಗೆ ಬರಬೇಕು ಅಷ್ಟೆ. ಮಿಲ್ದಾ ದಿನಾ ಬೆಳಿಗ್ಗೆ ಮರಕ್ಕೆ ಕಿವಿಯಿಟ್ಟು ಅವುಗಳ ಗುಂಯ್‌ಗುಡುವಿಕೆ ಕೇಳುತ್ತಿದ್ದಳು. ದಿನದಿಂದ ದಿನಕ್ಕೆ ಆ ಸದ್ದು ಸಣ್ಣದಾಯಿತು. ಕೂಡಿಟ್ಟ ಜೇನು ಮುಗಿಯುತ್ತಿತ್ತು, ಹೊರಗೆ ಒಂದು ಹೂವೂ ಇರಲಿಲ್ಲ. ಒಂದು ರೊಟ್ಟಿ, ಚಿಟಿಕೆ ಉಪ್ಪು ಕಟ್ಟಿಕೊಂಡು ಅರಮನೆಗೆ ಹೊರಟಳು.

"ಅವನನ್ನ ಹಬೆಸ್ನಾನಕ್ಕೆ ಕರೆದ್ರಾ, ದೊರೆಗಳೇ?" ಎಂದು ಕೇಳಿದಳು.

"ಕರೆದೆ. ಬೇಡ ಅಂದ. ಮತ್ತೆ ಕರೆದೆ. ಬೇಡ ಅಂದು ಕೊಟ್ಟಿಗೆಯ ಹಸುಗಳನ್ನೆಲ್ಲ ಮಂಜಿನ ಗೊಂಬೆ ಮಾಡಿಬಿಟ್ಟ."

"ಮೂರನೇ ಸಲ?"

ದೊರೆ ಗಡ್ಡ ಕೆರೆದುಕೊಂಡ. "ಮೂರನೇ ಸಲಕ್ಕೆ ಧೈರ್ಯ ಬರಲಿಲ್ಲ, ತಾಯಿ. ಈಗ ನಮ್ಮ ಹಬೆಮನೆಯ ಬಾಗಿಲೂ ಹೆಪ್ಪುಗಟ್ಟಿ ಕೂತಿದೆ."

ಹಾಗಾದರೆ ತನ್ನ ಮನೆಗೇ ಕರೆಯಬೇಕು ಎಂದುಕೊಂಡ ಮಿಲ್ದಾ ನೆಂಟನ ಮುಂದೆ ರೊಟ್ಟಿ, ಉಪ್ಪು ಇಟ್ಟಳು. ಅವನು ತಿಂದ. ಈಗ ಅವಳಿಗೂ ನೆಂಟನಾದ.

"ಅಯ್ಯಾ, ನಮ್ಮ ಹಬೆಮನೆಗೆ ಸ್ನಾನಕ್ಕೆ ಬನ್ನಿ," ಎಂದಳು.

"ಬೇಡ. ಬೆನ್ನಿಗೆ ಬಡಿದುಕೊಳ್ಳೋಕೆ ಹಸಿರು ಬರ್ಚ್ ಸೊಪ್ಪು ಎಲ್ಲಿದೆ?"

ಮಿಲ್ದಾ ಕಾಡಿನ ನಡುವಿಗೆ ನಡೆದಳು. ಅಲ್ಲಿ ಒಂದೇ ಒಂದು ಬರ್ಚ್ ಮರ ಹಸಿರಾಗಿತ್ತು. ಬುಡದಲ್ಲಿ ಮಲಗಿದ್ದ ಮಾಯದ ಕರಡಿಯ ಬಿಸಿಯುಸಿರು ಅದನ್ನು ಕಾಪಾಡಿತ್ತು. ಎದ್ದರೆ ಸೀಳಿಹಾಕುವ ಕರಡಿ. ಮಿಲ್ದಾ ಜೇನುಹುಳುವಿನಂತೆ ಮೆಲ್ಲಗೆ ಗುಂಯ್‌ಗುಟ್ಟಿದಳು. ಕರಡಿ ನಿದ್ದೆಯಲ್ಲೇ ತುಟಿ ಚಪ್ಪರಿಸಿ ಮಗ್ಗುಲು ಬದಲಿಸಿತು. ಅವಳು ಒಂದು ಕಂತೆ ಸೊಪ್ಪು ಮುರಿದುಕೊಂಡು ಬಂದಳು.

"ಅಯ್ಯಾ, ಸ್ನಾನಕ್ಕೆ ಬನ್ನಿ."

"ಬೇಡ. ನೀರೆಲ್ಲ ಕಲ್ಲಾಗಿದೆ. ಹರಿಯೋ ನೀರು ಎಲ್ಲಿದೆ?"

ಮಿಲ್ದಾ ದೊಡ್ಡ ಸರೋವರಕ್ಕೆ ಹೋದಳು. ನಟ್ಟನಡುವೆ ಒಂದೇ ಒಂದು ಕಂಡಿಯಲ್ಲಿ ನೀರಿತ್ತು. ಬೆನ್ನ ಮೇಲೆ ಪಾಚಿ ಬೆಳೆದ ಮುದಿ ಮೀನೊಂದು ಅದನ್ನು ಕಾಯುತ್ತಿತ್ತು.

"ನೀರು ಕೊಡ್ತೀನಿ, ನನಗೇನು ಕೊಡ್ತೀಯಾ?" ಎಂದಿತು ಮೀನು. "ಕೆಳಗೆ ಬರೀ ಕತ್ತಲೆ. ನನ್ನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಎಷ್ಟು ಕಾಲವಾಯ್ತೋ."

ಮಿಲ್ದಾ ಪೊರಕೆ ತಂದು ಮಂಜುಗಡ್ಡೆಯ ಮೇಲಿನ ಹಿಮವನ್ನೆಲ್ಲ ಗುಡಿಸಿದಳು. ಗಾಜಿನ ಕಿಟಕಿ ತೆರೆದಂತೆ ಬಿಸಿಲು ತಳದವರೆಗೂ ಇಳಿಯಿತು. ಮೀನು ತಾನೇ ಅವಳ ಕೊಡ ತುಂಬಿಸಿತು.

"ಅಯ್ಯಾ, ಮೂರನೇ ಸಲ ಕರೀತಿದ್ದೀನಿ. ಸ್ನಾನಕ್ಕೆ ಬನ್ನಿ."

ಅವನು ನಕ್ಕ. ಅವನ ಮೀಸೆಯ ಮಂಜಿನ ಕಡ್ಡಿಗಳು ಕಟಕಟನೆ ಸದ್ದು ಮಾಡಿದವು. "ಇನ್ನು ಬೇಡ ಅನ್ನೋ ಹಾಗಿಲ್ಲ, ಬರ್ತೀನಿ. ಆದರೆ ಒಲೆಗೆ ನಿನ್ನ ಜೇನುಮರದ ಸೌದೆಯೇ ಆಗಬೇಕು."

ಮಿಲ್ದಾ ಮರದ ಬುಡದಲ್ಲಿ ಕುಳಿತು ಅತ್ತಳು. ಕಡಿದರೆ ಹುಳುಗಳು ಇವತ್ತೇ ಸಾಯುತ್ತವೆ, ಕಡಿಯದಿದ್ದರೆ ಹಸಿದು ಸಾಯುತ್ತವೆ. ಕಣ್ಣೊರೆಸಿಕೊಂಡು ಮೇಲೆ ನೋಡಿದಳು. ಗಾಳಿಗೆ ಬೀಳದಿರಲಿ ಎಂದು ಜೇನುಮರದ ತುದಿಯನ್ನು ಕತ್ತರಿಸಿಡುವುದು ಆ ಜನರ ರೂಢಿ. ಈ ಮರದ ತುದಿ ಹಾಗೇ ಇತ್ತು. ಅದನ್ನು ಕತ್ತರಿಸುವ ಮೊದಲೇ ಅಮ್ಮ ತೀರಿಕೊಂಡಿದ್ದಳು.

"ಅಮ್ಮ ಬಿಟ್ಟ ಕೆಲಸ ಮಾಡ್ತಿದ್ದೀನಿ, ಹೆದರಬೇಡಿ," ಎಂದು ಪೊಟರೆಗೆ ಬಾಯಿಟ್ಟು ಹೇಳಿದಳು. ಸೊಂಟಕ್ಕೆ ಹಗ್ಗ ಬಿಗಿದು ಹತ್ತಿ, ಗೂಡು ಅಲುಗದ ಹಾಗೆ ನಿಧಾನವಾಗಿ ತುದಿಯನ್ನು ಗರಗಸದಿಂದ ಕೊಯ್ದಳು. ಅಂಟು ತುಂಬಿದ ಆ ಸೌದೆ ಹಬೆಮನೆಯ ಒಲೆಯಲ್ಲಿ ಧಗಧಗ ಉರಿಯಿತು.

ಮಾಂತ್ರಿಕ ಬಗ್ಗಿ ಬಗ್ಗಿ ಹಬೆಮನೆಯೊಳಕ್ಕೆ ಬಂದ. ಮಿಲ್ದಾ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದಳು, ಅವನು ಬಾಗಿಲಿನಷ್ಟಾದ. ಇನ್ನೊಂದು ಸೌಟು ಸುರಿದಳು, ಅವಳಷ್ಟಾದ. ಮೂರನೆಯದನ್ನು ಸುರಿದು ಬೆನ್ನಿಗೆ ಸೊಪ್ಪು ಬಡಿದಾಗ, ಹಲಗೆಯ ಮೇಲೆ ನೀಲಿ ಕಿವಿಯ ಪುಟ್ಟ ಮುದುಕನೊಬ್ಬ ಕುಳಿತಿದ್ದ. ಹಬೆಮನೆಯಲ್ಲಿ ಯಾರೂ ಸುಳ್ಳಾಡುವಂತಿಲ್ಲ.

"ಇಷ್ಟು ಕಾಲ ಯಾಕೆ ಹೊರಡಲಿಲ್ಲ?" ಎಂದು ಕೇಳಿದಳು.

"ಎಲ್ಲರಿಗೂ 'ಮತ್ತೆ ಬನ್ನಿ' ಅಂತಾರೆ, ಮಗಳೇ. ನನಗೆ ಯಾರೂ ಅನ್ನಲ್ಲ. ಎದ್ದರೆ ಮುಗೀತು ಅಂತ ಕೂತೇಬಿಟ್ಟೆ."

ಮಿಲ್ದಾಳಿಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಸೌಟನ್ನು ಕೆಳಗಿಟ್ಟಳು.

"ಕೊಯ್ಲು ಮುಗಿದ ಮೇಲೆ ಮತ್ತೆ ಬನ್ನಿ," ಎಂದಳು ಕೊನೆಗೆ. "ಬರ್ಚ್ ಚಿಗುರೋ ಹೊತ್ತಿಗೆ ಹೊರಡಬೇಕು. ನಾನೇ ಸ್ನಾನ ಮಾಡಿಸಿ ಕಳಿಸ್ತೀನಿ."

ಮುದುಕ ಟೋಪಿ ಹಾಕಿಕೊಂಡು ಬಡಗಣ ದಿಕ್ಕಿಗೆ ನಡೆದುಹೋದ. ಅರಮನೆಯ ಹಸುಗಳು ಮೈ ಕೊಡವಿ ಹುಲ್ಲು ಕೇಳಿದವು. ಸರೋವರಗಳು ಒಂದೊಂದಾಗಿ ಕಣ್ಣು ಬಿಟ್ಟವು. ಮಿಲ್ದಾ ಓಡಿಹೋಗಿ ಮರಕ್ಕೆ ಕಿವಿಯಿಟ್ಟಳು. ಸದ್ದಿಲ್ಲ. ಉಸಿರು ಹಿಡಿದು ಕಾದಳು. ಪೊಟರೆಯಿಂದ ಒಂದು ಹುಳು ಹೊರಬಂದು, ಅವಳ ಕೈ ಮೇಲೆ ತುಸು ನಡೆದು, ಬಿಸಿಲಿಗೆ ಹಾರಿತು. ಅದರ ಹಿಂದೆ ಒಳಗಿನಿಂದ ಗುಂಯ್ ಎಂದು ಸದ್ದೆದ್ದಿತು.

ಇಂದಿಗೂ ಆ ನೆಂಟ ವರ್ಷಕ್ಕೊಮ್ಮೆ ಎಜೆರಕ್ಕೆ ಬರುತ್ತಾನೆ, ಹೊತ್ತಿಗೆ ಸರಿಯಾಗಿ ಹೊರಡುತ್ತಾನೆ. ಮಿಲ್ದಾ, ಅವಳ ಜೇನುಹುಳುಗಳು, ದೊರೆ, ಪ್ರಜೆ ಎಲ್ಲರೂ ಸುಖವಾಗಿದ್ದಾರೆ. ದೊರೆ ಈಗ ಯಾರನ್ನೇ ಕರೆದರೂ ಮೂರು ಸಲ ಕರೆಯುತ್ತಾನೆ, ಮೂರನೆಯ ಸಲ ಸ್ವಲ್ಪ ಜೋರಾಗಿಯೇ.