ಮೊಳೆಯಲ್ಲಿ ಉಳಿದ ವೈರು

"ಮಾವ, ನಾನು ಕಳ್ಳಿ ಅಲ್ಲ. ಅಷ್ಟು ಮಾತ್ರ ಅವರಿಗೆ ತೋರಿಸಿಕೊಡಿ."

ಮೈತ್ರಿ ಬಾಗಿಲಲ್ಲೇ ನಿಂತು ಆಡಿದ ಮೊದಲ ಮಾತು ಇದು. ಅದು ೧೯೯೮ರ ಮಾರ್ಚ್. ಸೊರಬದಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ನಿವೃತ್ತ ಸರ್ವೇಯರ್ ಗೋಪಾಲಪ್ಪನವರ ಮನೆಗೆ ಬರುತ್ತಿದ್ದರು. ಇಪ್ಪತ್ತಾರು ವರ್ಷ ಅವರ ಅಳತೆ ಸರಪಳಿಯ ಇನ್ನೊಂದು ತುದಿ ಹಿಡಿದವನು ನಾನು. ಅವರು ರಿಟೈರಾದ ಮೇಲೂ ಆ ತುದಿಯನ್ನು ನಾನು ಬಿಟ್ಟಿರಲಿಲ್ಲ.

ಮೈತ್ರಿ ಮತ್ತು ತಾಳಗುಂದದ ಅಶ್ವಿನಿ ಜೊತೆಯಲ್ಲಿ ಎಂ.ಎ. ಓದುತ್ತಿದ್ದರು. ಕ್ಯಾಸನೂರಿನ ಸುತ್ತ ಹೆಂಗಸರು ಹಾಡುವ ನಾಟಿ ಹಾಡುಗಳ ಮೇಲೆ ಇಬ್ಬರ ಪ್ರಬಂಧ. ಬರೆದುಕೊಳ್ಳಲು ಇಬ್ಬರೂ ಸೇರಿ ಒಂದು ಲ್ಯಾಪ್‌ಟಾಪ್ ಕೊಳ್ಳಲು ಶಿವಮೊಗ್ಗಕ್ಕೆ ಹೋಗಿದ್ದರು. ಹೊಸದು ಕೈಗೆ ಎಟುಕಲಿಲ್ಲ. ಅಗ್ಗದ್ದೊಂದಿತ್ತು, ಆದರೆ ರುಬ್ಬುವ ಕಲ್ಲಿನ ತೂಕ. ಮೂರನೆಯದು ಹಳೆಯದು, ತೆಳ್ಳಗೆ, ಪುಸ್ತಕದಷ್ಟೇ ಇತ್ತು. "ಬ್ಯಾಟರಿ ಸತ್ತಿದೆ. ಫ್ಲಾಪಿ ಹಾಕೋ ಜಾಗಾನೂ ಕೆಟ್ಟಿದೆ. ವೈರು ಚುಚ್ಚಿದರೆ ಮಾತ್ರ ನಡೀತದೆ" ಎಂದಿದ್ದನಂತೆ ಅಂಗಡಿಯವನು. "ಹಗುರ ಇದೆಯಲ್ಲ, ಬಸ್ಸಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಬಹುದು" ಎಂದು ಅಶ್ವಿನಿ ಅದನ್ನೇ ಆರಿಸಿದಳು.

ಹಾಡು ಹುಡುಕಿಕೊಂಡು ಕಾಡಂಚಿಗೆ ಹೋದ ಅಶ್ವಿನಿಗೆ ಮಂಗನ ಕಾಯಿಲೆ ತಗುಲಿತು. ಹತ್ತೇ ದಿನ, ಹುಡುಗಿ ಹೋಗಿಬಿಟ್ಟಳು. ಮಣ್ಣಾದ ಮರುದಿನ ನೋಡಿದರೆ ಲ್ಯಾಪ್‌ಟಾಪ್ ಇರಲಿಲ್ಲ. ಮಣ್ಣಾದ ದಿನ ಅಶ್ವಿನಿಯ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತವಳು ಮೈತ್ರಿ. ಅನುಮಾನ ಅವಳ ಮೇಲೆ ಬಂತು.

"ತಿಂಗಳ ಕೊನೆಗೆ ಪ್ರಬಂಧ ಕೊಡಬೇಕು ಮಾವ. ಇಬ್ಬರದೂ ಅದರಲ್ಲೇ ಇದೆ. ಅದು ಹೋದರೂ ಸಹಿಸಿಕೊಳ್ತೀನಿ. ಅವಳ ಮನೆಯವರೇ ನನ್ನನ್ನು ಕಳ್ಳಿ ಅಂದರಲ್ಲ!"

ಗಾಯದ ಮೇಲೆ ಬರೆ ಅಂದರೆ ಇದೇ. ನನಗೆ ಆ ಮನೆಯವರ ಮೇಲೆ ಕೆಂಡದಂಥ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಮೂವರೂ ತಾಳಗುಂದಕ್ಕೆ ಹೋದೆವು. ಅಶ್ವಿನಿಯ ತಂದೆ ಗುರುಮಲ್ಲಪ್ಪನವರ ಮುಖ ನೋಡಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ. ಅಣ್ಣ ಗುರುಪ್ರಕಾಶ್ ನಮಗೆ ಕೋಣೆ ತೋರಿಸಿದ. ಗೋಡೆಯ ಮೊಳೆಯಲ್ಲಿ ಕಪ್ಪು ವೈರೊಂದು ತೂಗುತ್ತಿತ್ತು.

"ಲ್ಯಾಪ್‌ಟಾಪಿಂದು ರೀ. ಜ್ವರ ಬಂದಾಗ ನಾನೇ ಚುಚ್ಚಿ ಕೊಡ್ತಿದ್ದೆ" ಎಂದ.

ನಾನು ಸುಮ್ಮನಿರಲಾರದೆ ಕಪಾಟಿನಿಂದ ಒಂದು ವಚನದ ಪುಸ್ತಕ ತೆಗೆದೆ. ಮೊದಲ ಪುಟದಲ್ಲಿ ಅಶ್ವಿನಿಯ ಹೆಸರು, ಅವಳದೇ ಅಕ್ಷರ. ನೋಡಿ ಮತ್ತೆ ಅಲ್ಲೇ ಇಟ್ಟೆ.

"ಮಣ್ಣಿಗೆ ಇಡುವಾಗ ಜೊತೆಗೆ ಏನೇನಿಟ್ಟಿರಿ?" ಗೋಪಾಲಪ್ಪನವರು ಮೆಲ್ಲಗೆ ಕೇಳಿದರು.

"ಪದ್ಧತಿ ಪ್ರಕಾರ ಗೂಡಿನಾಗ ಕುಂದ್ರಿಸಿ, ಕೈಯಾಗ ಲಿಂಗ ಕೊಟ್ವಿ. ವಿಭೂತಿ, ಪತ್ರೆ ಇಟ್ವಿ. ಮಡಿಲಾಗ ಆಕಿ ವಚನದ ಪುಸ್ತಕ. ಅಜ್ಜಿ ಬಿಳಿ ಬಟ್ಟ್ಯಾಗ ಕಟ್ಟಿಕೊಟ್ಲು, ಅಯ್ಯನೋರು ಇಟ್ರು" ಎಂದ ಗುರುಪ್ರಕಾಶ್.

"ಮನೆಯಲ್ಲಿ ವಚನದ ಪುಸ್ತಕ ಎಷ್ಟಿದ್ದವು?"

"ಒಂದೇ ರೀ."

ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಹೊಳೆಯುವಂತಿದ್ದರೆ ಸರಪಳಿ ಹಿಡಿದುಕೊಂಡು ಯಾಕಿರುತ್ತಿದ್ದೆ?

ಗೋಪಾಲಪ್ಪನವರು ವೈರು, ಪುಸ್ತಕ ಎರಡನ್ನೂ ತೆಗೆದುಕೊಂಡು ಪಡಸಾಲೆಗೆ ಬಂದರು. ಎಲ್ಲರನ್ನೂ ಕೂರಿಸಿದರು. ಮೂಲೆಯಲ್ಲಿದ್ದ ಅಜ್ಜಿ ಹಾಲಮ್ಮನನ್ನೂ ಹತ್ತಿರ ಕರೆಸಿದರು.

"ಈ ವೈರಿಲ್ಲದೆ ಆ ಯಂತ್ರ ನಡೆಯುವುದಿಲ್ಲ. ಬಳಸಲಿಕ್ಕೋ ಮಾರಲಿಕ್ಕೋ ಒಯ್ದವರು ಇದನ್ನು ಬಿಡುತ್ತಿರಲಿಲ್ಲ. ಮೈತ್ರಿಗೂ ಗುರುಪ್ರಕಾಶನಿಗೂ ಇದು ಗೊತ್ತಿತ್ತು. ಒಯ್ದವರಿಗೆ ಗೊತ್ತಿರಲಿಲ್ಲ." ಅವರು ಪುಸ್ತಕವನ್ನು ಎತ್ತಿ ಹಿಡಿದರು. "ಮನೆಯಲ್ಲಿದ್ದದ್ದು ಒಂದೇ ವಚನದ ಪುಸ್ತಕ. ಅದು ಮಣ್ಣಿಗೆ ಹೋಯಿತು ಅಂತೀರಿ. ಆದರೆ ಇಲ್ಲೇ ಇದೆ. ಹಾಗಾದರೆ ಆ ಬಿಳಿ ಬಟ್ಟೆಯಲ್ಲಿ ಇದ್ದದ್ದೇನು? ಪುಸ್ತಕದಷ್ಟೇ ಅಗಲ, ಅಷ್ಟೇ ಹಗುರ. ಆ ಹೊತ್ತಿನಲ್ಲಿ ಅಂಥ ಗಂಟು ಕೊಟ್ಟರೆ ಅಯ್ಯನವರಾಗಲಿ, ನಾನಾಗಲಿ ವಚನದ ಪುಸ್ತಕ ಎಂದೇ ತಿಳಿಯುತ್ತೇವೆ. ರುಬ್ಬುವ ಕಲ್ಲಿನಂಥದ್ದನ್ನು ಕೊಂಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ."

ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾನೇ ಇಟ್ಟೆಪ್ಪ. ಜ್ವರದಾಗೂ ಅದರ ಮ್ಯಾಲೇ ಕೈ. 'ಅಜ್ಜಿ, ಮುಗಿಸ್ಬೇಕು ಇದನ್ನ' ಅಂತಿದ್ಲು. ಲ್ಯಾಪ್ ಅಂದ್ರ ಮಡಿಲು, ಇದು ಮಡಿಲಾಗ ಇಟ್ಕೊಳ್ಳೋದು ಅಂತ ಆಕಿನೇ ಹೇಳಿದ್ಲು. ಹಗುರ ಐತಿ, ಒಯ್ಲಿ ಅಂತ ಮಡಿಲಿಗೆ ಕೊಟ್ಟೆ. ಬಾಯಿ ಬಿಟ್ರ ಅಗೆದು ತೆಗಿತಾರ ಅಂತ ಅಂಜಿದೆ. ತಪ್ಪಾತವ್ವ ಮೈತ್ರಿ."

ಗುರುಮಲ್ಲಪ್ಪನವರು ಎದ್ದು ಮೈತ್ರಿಯ ಮುಂದೆ ಕೈಮುಗಿದರು. "ನಿನ್ನ ಓದು ಅದರಾಗ ಐತಿ. ತಗ್ಸೋಣವ್ವ, ನಾನೇ ನಿಂತು ತಗಸ್ತೀನಿ."

"ಬೇಡ ಅಪ್ಪಾಜಿ. ಹಾಡು ಹೇಳಿದವರು ಇನ್ನೂ ಇದಾರೆ. ಮತ್ತೆ ಹೋಗಿ ಕೇಳ್ತೀನಿ. ಒಂದು ವರ್ಷ ಹೋದರೆ ಹೋಗಲಿ" ಎಂದಳು ಮೈತ್ರಿ.

ಅಷ್ಟರಲ್ಲಿ ಹಾಲಮ್ಮನ ಕಣ್ಣು ಗೋಪಾಲಪ್ಪನವರ ಕೈಯ ವೈರಿನ ಮೇಲೆ ನಿಂತಿತು. "ಅದಿಲ್ದ ನಡಿಯಂಗಿಲ್ಲ ಅಂದ್ರಲ್ಲೋ ಯಪ್ಪಾ? ಅದನ್ನ ನಾ ಇಡ್ಲೇ ಇಲ್ಲಲ್ಲೋ! ಈಗ ಆಕಿ ಹ್ಯಾಂಗ ಮುಗಸ್ತಾಳ?"

ಗುರುಪ್ರಕಾಶ್ ಗೋಡೆಗೆ ಮುಖ ತಿರುಗಿಸಿದ. ಮೈತ್ರಿ ಅಜ್ಜಿಯ ಕಾಲ ಬಳಿ ಕೂತು ಅವರ ಎರಡೂ ಕೈ ಹಿಡಿದುಕೊಂಡಳು.

"ನಡೀತದೆ ಅಜ್ಜಿ. ಅಲ್ಲಿ ವೈರು ಬೇಡ."

ನಾನು ಗೋಪಾಲಪ್ಪನವರ ಕಡೆ ನೋಡಿದೆ. ಸರಪಳಿಯ ಒಂದು ಕೊಂಡಿಯಷ್ಟು ಅಳತೆ ತಪ್ಪಿದರೂ ಸಹಿ ಹಾಕದ ಮನುಷ್ಯ ಅವರು. ಅಂದು ಮೈತ್ರಿಯ ಆ ಮಾತನ್ನು ತಿದ್ದಲಿಲ್ಲ. ವೈರನ್ನು ಸರಪಳಿಯಂತೆ ನಿಧಾನವಾಗಿ ಸುತ್ತಿ, ಕೋಣೆಗೆ ಹೋಗಿ ಅದೇ ಮೊಳೆಗೆ ತೂಗುಹಾಕಿ ಬಂದರು.