ದೋಣಿಯಲ್ಲಿ ಒಡೆದ ನೀಲಿ ಬೋಗುಣಿ

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಬೋಗುಣಿ ಇರಲಿಲ್ಲ. ಹತ್ತಿಯ ನಡುವೆ ನೀಲಿ ಗಾಜಿನ ದೊಡ್ಡ ದೊಡ್ಡ ಚೂರುಗಳಿದ್ದವು. ಲೇಸ್ ದ್ವೀಪದ ಸಂಗ್ರಹಾಲಯದ ಮೇಲ್ವಿಚಾರಕಿ ಎರಡೂ ಕೈಗಳನ್ನು ಬಾಯಿಗೆ ಒತ್ತಿಕೊಂಡರು. ಗಾಜಿನ ಕುಲುಮೆಯ ಯಜಮಾನರು ಮಾತ್ರ ಪೆಟ್ಟಿಗೆಯ ಕಡೆ ಕಣ್ಣೂ ಹಾಯಿಸದೆ ಸೊಸೆಯತ್ತ ತಿರುಗಿದರು.

"ನಮ್ಮಪ್ಪ ಊದಿದ ಕೊನೇ ಬೋಗುಣಿ ಅದು. ಮಡಿಲಲ್ಲಿ ಇಟ್ಕೊಂಡು ಬಾ ಅಂದಿದ್ದೆ. ಅಷ್ಟೂ ಆಗ್ಲಿಲ್ವಾ ನಿಂಗೆ?"

"ನಾನು ಬೀಳಿಸ್ಲಿಲ್ಲ ಮಾವ."

"ಹಾಗಾದ್ರೆ ಅದಾಗದೇ ಒಡ್ಕೊಂತಾ? ನಾಳೆಯಿಂದ ನೀನು ಕುಲುಮೆ ಕಡೆ ತಲೆ ಹಾಕ್ಬೇಡ."

ಸೊಸೆಯ ಮುಖ ಬಿಳಿಚಿಕೊಂಡಿತು. ಲೇಸ್ ಹೆಣೆಯುವವರ ಮನೆಯಲ್ಲಿ ಹುಟ್ಟಿ ಗಾಜಿನವರ ಮನೆ ಸೇರಿದವಳು ಅವಳು. ಹೆಂಗಸರನ್ನು ಹತ್ತಿರವೂ ಬಿಟ್ಟುಕೊಳ್ಳದ ಆ ಕುಲುಮೆಯಲ್ಲಿ ಊದುಗೊಳವೆ ಹಿಡಿಯಲು ವರ್ಷಗಟ್ಟಲೆ ಗೋಗರೆದಿದ್ದಳು. ಈಗೀಗ ಕೆಲಸ ಕೈಗೆ ಹತ್ತುತ್ತಿತ್ತು.

ಬಾಗಿಲ ಬಳಿ ನಿಂತಿದ್ದ ಟೈಮ್‌ಕೀಪರ್‌ಗೆ ಅಯ್ಯೋ ಪಾಪ ಅನ್ನಿಸಿದ್ದು ನಿಜ. ಆದರೆ ಅವನಿಗೆ ಬೆಳಗಿನಿಂದಲೇ ಪಿತ್ತ ನೆತ್ತಿಗೇರಿತ್ತು. ಬಸ್ ಡಿಪೋದಲ್ಲಿ ಗಡಿಯಾರ ನೋಡುತ್ತಲೇ ನಿವೃತ್ತನಾದವನಿಗೆ ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಒಂದೇ ದಿನದಲ್ಲಿ ಮೂರು ದ್ವೀಪ ನೋಡುವುದೆಂದು ಅವನೇ ಹೊರಡಿಸಿದ್ದ ಪ್ರವಾಸವಿದು. ಮೊದಲು ಗಾಜು, ಆಮೇಲೆ ಲೇಸ್, ಕೊನೆಗೆ ಅವನು ಎಷ್ಟೋ ಕಾಲದಿಂದ ನೋಡಬೇಕೆಂದಿದ್ದ ಮರದ ಕೆತ್ತನೆ. ದೋಣಿ ತಡವಾಗಿ ಬಂತು. ಮೋಡ ಕವಿದು ಸೂರ್ಯ ಮುಖವನ್ನೇ ತೋರಿಸಲಿಲ್ಲ. ಅಲೆಯೊಂದು ಎಗರಿ ಜೊತೆಗೆ ಬಂದಿದ್ದ ಅವನ ಅತ್ತಿಗೆಯ ಶಾಲನ್ನು ತೋಯಿಸಿತು. ಗಾಜಿನ ದ್ವೀಪದಲ್ಲಂತೂ ಯಜಮಾನರು, "ಕುಲುಮೆ ಆರಿಸಿ ವಾರ ಆಯ್ತು, ಕೆಲಸದವರಿಗೆಲ್ಲ, ಸೊಸೆಗೂ ರಜ. ಊದೋದು ತೋರ್ಸಕ್ಕಾಗಲ್ಲ" ಎಂದುಬಿಟ್ಟರು.

ತೋರಿಸುವ ಬದಲು ಭಾಷಣ ಕೊಯ್ದರು. ಒಡೆದ ಗಾಜನ್ನು ಎಸೆಯುವುದಿಲ್ಲವಂತೆ, ಮತ್ತೆ ಕರಗಿಸುತ್ತಾರಂತೆ. ಊದಿದ ಗಾಜನ್ನು ಕುಲುಮೆಗೆ ಅಂಟಿದ ತಣಿಸುವ ಗೂಡಿನೊಳಗೆ ಇಟ್ಟು ನಿಧಾನವಾಗಿ ಆರಿಸಬೇಕಂತೆ, ಅವಸರಪಟ್ಟರೆ ಗಾಜು ಬಿರಿಯುತ್ತದಂತೆ. ಟೈಮ್‌ಕೀಪರ್ ಆಕಳಿಸುತ್ತ ನಿಂತಿದ್ದ. ಅತ್ತಿಗೆ ಒದ್ದೆ ಶಾಲನ್ನು ಆ ಗೂಡಿನ ಇಟ್ಟಿಗೆ ಗೋಡೆಯ ಮೇಲೆ ಹರಡಿ, ಭಾಷಣ ಮುಗಿದ ಮೇಲೆ ಮತ್ತೆ ಹೊದ್ದುಕೊಂಡಿದ್ದರು. ಅಲ್ಲಿಂದ ಯಜಮಾನರೂ ಸೊಸೆಯೂ ಪೆಟ್ಟಿಗೆಯೊಂದಿಗೆ ಇದೇ ದೋಣಿ ಹತ್ತಿದರು. ಸಂಗ್ರಹಾಲಯದಲ್ಲಿ ಇವತ್ತೇ ಪ್ರದರ್ಶನ ಶುರು, ಬೋಗುಣಿ ಇವತ್ತೇ ತಲುಪಬೇಕಿತ್ತು.

ಈಗ ಇಲ್ಲಿ ಈ ರಾದ್ಧಾಂತ. "ಅತ್ತಿಗೆ, ಇದು ಅವರ ಮನೆ ಜಗಳ. ಬನ್ನಿ, ದೋಣಿ ಹೊರಡುತ್ತೆ" ಎಂದ.

"ಬಂದೆ, ಒಂದು ನಿಮಿಷ" ಎಂದರು ಅತ್ತಿಗೆ.

ಮೂರನೇ ದ್ವೀಪ ಕೈತಪ್ಪಿತು ಎಂದು ಅವನಿಗೆ ಆಗಲೇ ಖಾತ್ರಿಯಾಯಿತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆಯುಷ್ಯ ಸವೆಸಿದ್ದ ಅತ್ತಿಗೆಗೆ ಗುಟ್ಟು ಬಿಡಿಸುವ ಹುಚ್ಚು. ಅವರ ಬೀದಿಯಲ್ಲಿ ಏನೇ ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಚೀಲ ಹೊತ್ತು ಹಿಂದೆ ಹೋಗುವುದು ಮೈದುನನ ಪಾಲಿನ ಕೆಲಸ.

ಅತ್ತಿಗೆ ಮೊದಲು ಮರದ ಪೆಟ್ಟಿಗೆಯ ಮೂಲೆಗಳನ್ನು ಸವರಿ ನೋಡಿದರು. ಎಲ್ಲೂ ತಗ್ಗಿರಲಿಲ್ಲ, ಹತ್ತಿಯೂ ಇಟ್ಟ ಹಾಗೇ ಇತ್ತು. ಆಮೇಲೆ ದೋಣಿಯವನನ್ನು ಕರೆಸಿದರು.

"ಇಲ್ಲಿಗೆ ಬಂದಾಗ ದೋಣಿ ದಡದ ಕಟ್ಟೆಗೆ ತಾಗಿದ್ದು ಹೌದು" ಎಂದ ಅವನು. "ಆದ್ರೆ ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ. ಇವರ ಕೈಲಿದ್ದ ಚಹಾನೇ ಚೆಲ್ಲಲಿಲ್ಲ, ಕೇಳಿ."

"ಚೆಲ್ಲಲಿಲ್ಲ" ಎಂದು ಟೈಮ್‌ಕೀಪರ್ ಒಪ್ಪಿಕೊಳ್ಳಬೇಕಾಯಿತು. "ಆದ್ರೆ ಅದಕ್ಕೆ ಎಷ್ಟೋ ಮೊದಲೇ, ನಡುನೀರಲ್ಲಿ ಟಿಣ್ ಅಂತ ಸದ್ದಾಯ್ತು. ಇಂಜಿನ್ನೂ ಕೈ ಕೊಡ್ತು ಅಂದ್ಕೊಂಡು ಹೊಟ್ಟೆ ಉರೀತು ನಂಗೆ."

ಅತ್ತಿಗೆ ಸೊಸೆಯ ಪಕ್ಕ ಕುಳಿತರು. "ಪೆಟ್ಟಿಗೆ ಮಡಿಲಲ್ಲಿ ಇಟ್ಕೊಂಡಾಗ ಹೇಗಿತ್ತಮ್ಮ?"

"ಬೆಚ್ಚಗಿತ್ತು. ಆ ಚಳಿಗಾಳಿಲಿ ಹಿತ ಅನ್ನಿಸ್ತು. ಬಿಸಿಲಲ್ಲಿ ಇಟ್ಟಿದ್ರೇನೋ ಅಂದ್ಕೊಂಡೆ."

"ತುಂಬಿದ್ದು ಯಾರು?"

"ಮಾವನೇ. ಯಾರನ್ನೂ ಮುಟ್ಟಕ್ಕೆ ಬಿಡ್ಲಿಲ್ಲ."

ಅತ್ತಿಗೆ ಎಲ್ಲರನ್ನೂ ಲೇಸ್ ಹರಡಿದ್ದ ಉದ್ದ ಮೇಜಿನ ಸುತ್ತ ಕೂರಿಸಿದರು. ಹೊರಗೆ ಉಳಿದ ಪ್ರವಾಸಿಗರು ಗೊಣಗುವುದು ಕೇಳುತ್ತಿತ್ತು. ಟೈಮ್‌ಕೀಪರ್ ಒಳಗೇ ಗೊಣಗುತ್ತಿದ್ದ.

"ಈ ಹುಡುಗಿ ಪೆಟ್ಟಿಗೆ ಬೀಳಿಸಿಲ್ಲ" ಎಂದು ಅತ್ತಿಗೆ ಶುರು ಮಾಡಿದರು. "ಬಿದ್ದಿದ್ರೆ ಮರ ತಗ್ಗಾಗ್ತಿತ್ತು. ದೋಣಿಯವನದೂ ತಪ್ಪಿಲ್ಲ, ಕಟ್ಟೆಗೆ ತಾಗೋ ಮೊದಲೇ ಬೋಗುಣಿ ಒಡೆದಿತ್ತು. ನನ್ನ ಮೈದುನ ಕೇಳಿದ್ದು ಇಂಜಿನ್ ಸದ್ದಲ್ಲ."

"ಮತ್ತೆ ಒಡೆದಿದ್ದು ಹೇಗೆ?" ಮೇಲ್ವಿಚಾರಕಿ ಕೇಳಿದರು.

"ಬೆಳಿಗ್ಗೆ ಯಜಮಾನರೇ ಹೇಳಿಕೊಟ್ರಲ್ಲ. ಗೂಡಿಂದ ಅವಸರದಲ್ಲಿ ತೆಗೆದ ಗಾಜು ಬಿರಿಯುತ್ತೆ. ಹೊರಮೈ ಬೇಗ ತಣ್ಣಗಾಗುತ್ತೆ, ಒಳಗೆ ಬಿಸಿ ಹಾಗೇ ಇರುತ್ತೆ. ಒಂದನ್ನೊಂದು ಎಳೆದಾಡಿ ತಾನಾಗೇ ಸೀಳುತ್ತೆ. ಇವತ್ತು ಬಿಸಿಲೇ ಇಲ್ಲ, ಆದ್ರೂ ಪೆಟ್ಟಿಗೆ ಬೆಚ್ಚಗಿತ್ತು. ಯಾಕಂದ್ರೆ ಬೋಗುಣಿ ಗೂಡಿಂದ ಬಂದು ಬಹಳ ಹೊತ್ತಾಗಿರಲಿಲ್ಲ."

"ಕುಲುಮೆ ಆರಿಸಿ ವಾರ ಆಯ್ತು ಅಂದೆನಲ್ಲ" ಎಂದರು ಯಜಮಾನರು. ದನಿ ಸಣ್ಣಗಾಗಿತ್ತು.

ಅತ್ತಿಗೆ ಶಾಲು ತೆಗೆದು ಮೈದುನನ ಕೈಗೆ ಕೊಟ್ಟರು. "ಹೇಗಿದೆ?"

"ಒಣಗಿದೆ" ಎಂದ. ಎಂದ ಮೇಲೆ ಅವನಿಗೇ ಹೊಳೆಯಿತು. ಹಿಂಡಿದರೆ ನೀರು ಸುರಿಯುವಷ್ಟು ತೊಯ್ದ ಉಣ್ಣೆ, ಮೋಡದ ದಿನ, ಒಂದು ಭಾಷಣ ಮುಗಿಯುವಷ್ಟರಲ್ಲಿ ಒಣಗಿತ್ತು. ವಾರದಿಂದ ತಣ್ಣಗಿದ್ದ ಗೋಡೆಗೆ ಅದು ಸಾಧ್ಯವಿಲ್ಲ.

"ತಲೆಮಾರಿನ ಹಿಂದೆ ತಣಿದ ಗಾಜಿಗೆ ಇವತ್ತು ಗೂಡಲ್ಲಿ ಕೆಲಸ ಇಲ್ಲ" ಎಂದು ಅತ್ತಿಗೆ ಮುಂದುವರಿಸಿದರು. "ಇದು ಹಳೇ ಬೋಗುಣಿ ಅಲ್ಲ."

ಮೇಲ್ವಿಚಾರಕಿ ಒಪ್ಪಲಿಲ್ಲ. "ಸಾಧ್ಯನೇ ಇಲ್ಲ. ಈ ನೀಲಿ ಬೇರೆ ಯಾರಿಗೂ ಬರಲ್ಲ, ನಾನು ಎಲ್ಲಿದ್ರೂ ಗುರುತು ಹಿಡೀತೀನಿ."

"ನಿಮ್ಮ ಗುರುತು ಸರಿ. ಗಾಜು ಅದೇ, ಊದಿದ್ದು ಮಾತ್ರ ಹೊಸದಾಗಿ. ಒಡೆದದ್ದನ್ನ ಇವರು ಎಸೆಯಲ್ಲ, ಕರಗಿಸ್ತಾರೆ. ಹಳೇ ಬೋಗುಣಿ ಮೊದಲೇ ಒಡೆದಿತ್ತು. ಕೆಲಸದವರಿಗೆ ರಜ ಕೊಟ್ಟು, ಕುಲುಮೆ ಆರಿದೆ ಅಂತ ಸುಳ್ಳು ಹೇಳಿ, ಅದೇ ಚೂರುಗಳಿಂದ ಇನ್ನೊಂದು ಊದಿದವರು ಒಬ್ಬರೇ. ಪೆಟ್ಟಿಗೆ ತುಂಬಿದವರೂ ಅವರೇ. ಮುಚ್ಚಳ ತೆಗೆದಾಗ ನಾವೆಲ್ಲ ಪೆಟ್ಟಿಗೆಯೊಳಗೆ ನೋಡಿದ್ವಿ. ಅವರು ನೋಡ್ಲಿಲ್ಲ, ಒಳಗೇನಿದೆ ಅಂತ ಅವರಿಗೆ ಗೊತ್ತಿತ್ತು."

ಯಜಮಾನರು ಆಗ ಮೊದಲ ಸಲ ಪೆಟ್ಟಿಗೆಯೊಳಗೆ ಕಣ್ಣು ಹಾಯಿಸಿದರು.

"ಒರೆಸುವಾಗ ಕೈ ಜಾರ್ತು" ಎಂದರು. "ಈಚೆಗೆ ಕೈ ನಡುಗುತ್ತೆ. ಹುಷಾರು ಹುಷಾರು ಅಂತ ಎಲ್ಲರನ್ನೂ ಬೈಕೊಂಡು ಬಂದವನು ನಾನು, ಯಾವ ಬಾಯಲ್ಲಿ ಹೇಳ್ಲಿ? ನಿನ್ನೆ ಊದಿದೆ. ಇನ್ನೊಂದು ದಿನ ಗೂಡಲ್ಲಿ ಇರಬೇಕಿತ್ತು, ಪ್ರದರ್ಶನ ಇವತ್ತೇ. ದೋಣಿಲಿ ಆ ಸದ್ದು ಕೇಳಿದಾಗ್ಲೇ ತಿಳೀತು."

"ತಿಳಿದೂ ನನ್ನ ಮೇಲೆ ಹಾಕಿದ್ರಾ?" ಸೊಸೆ ಕೇಳಿದಳು.

ಯಜಮಾನರು ಮುಖ ಆಚೆ ತಿರುಗಿಸಿದರು. ಟೈಮ್‌ಕೀಪರ್‌ಗೆ ಬೆಳಗಿನಿಂದ ಬಂದ ಸಿಟ್ಟೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಆ ಮುದುಕನ ಭುಜ ಹಿಡಿದು ಅಲುಗಾಡಿಸಬೇಕೆನ್ನುವಷ್ಟು ಕೈ ತುರಿಸಿತು. ಸೊಸೆ ಎದ್ದು ಒಂದೊಂದೇ ಚೂರನ್ನು ಹತ್ತಿಯಲ್ಲಿ ಸುತ್ತತೊಡಗಿದಳು. ಯಜಮಾನರು ನೆರವಾಗಲು ಕೈ ಚಾಚಿದರು. ಅವಳು ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು.

"ಗಾಜಿಗೆ ಏನೂ ಆಗಿಲ್ಲ ಮಾವ, ಮತ್ತೆ ಕರಗಿಸಬಹುದು. ಈ ಸಲ ನಾನು ಊದ್ತೀನಿ, ಗೂಡಿನ ಬಾಗಿಲೂ ನಾನೇ ತೆಗೀತೀನಿ. ಆದ್ರೆ ಅದು ಆಮೇಲೆ. ಮೊದಲು ಕೆಲಸದವರನ್ನೆಲ್ಲ ವಾಪಸ್ ಕರೆಸಿ. ನನ್ನನ್ನ ಇಷ್ಟು ಜನರ ಮುಂದೆ ಅಂದ್ರಲ್ಲ, ನಿಮ್ಮ ಕೈ ಜಾರಿದ್ದನ್ನ ಅವರೆಲ್ಲರ ಮುಂದೆ ನಿಂತು ಹೇಳಿ. ಅಲ್ಲೀವರೆಗೂ ನಾನು ಕುಲುಮೆ ಹಚ್ಚಲ್ಲ."